ಗುರಿ ಗಟ್ಟಿ, ದಾರಿ ಸಡಿಲ: ಎಲ್ಲ ಮಕ್ಕಳಿಗೂ ಒದಗುವ ಪಾಠ ಕಟ್ಟುವುದು ಹೇಗೆ?

ಮುಂಬಯಿಯ ಕನ್ನಡ ಮಾಧ್ಯಮ ಶಾಲೆಯೊಂದರ ಏಳನೇ ತರಗತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಬ್ಬನ ಮನೆಮಾತು ತುಳು. ಪಕ್ಕದಲ್ಲಿ ಕೂತವನದು ಕಲಬುರಗಿ ಕಡೆಯ ಕನ್ನಡ. ಹಿಂದಿನ ಬೆಂಚಿನ ಹುಡುಗಿಯ ಮನೆಯಲ್ಲಿ ಲಂಬಾಣಿ. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ವಿಜಯಪುರದಿಂದ ಬಂದವರು. ಚಾಳಿನಲ್ಲಿ ಆಡುವಾಗ ಎಲ್ಲರದೂ ಹಿಂದಿ, ಮರಾಠಿ. ಪುಸ್ತಕ ತೆರೆದರೆ ಮೂರು ಲಿಪಿ: ಕನ್ನಡ, ದೇವನಾಗರಿ, ಇಂಗ್ಲಿಷ್. ಇದರ ಮೇಲೆ ಒಬ್ಬನಿಗೆ ಬೋರ್ಡ್ ಮಸುಕು, ಇನ್ನೂ ಕನ್ನಡಕ ಮಾಡಿಸಿಲ್ಲ. ಒಬ್ಬಳು ಕೇಳಿದ್ದಕ್ಕೆಲ್ಲ ಬಾಯಲ್ಲಿ ಚೆನ್ನಾಗಿ ಉತ್ತರ ಹೇಳುತ್ತಾಳೆ, ಬರೆಯಲು ಕೂತರೆ ಎರಡು ಸಾಲು ದಾಟುವುದಿಲ್ಲ. ಮತ್ತೊಬ್ಬ ಎಲ್ಲವನ್ನೂ ಐದೇ ನಿಮಿಷದಲ್ಲಿ ಮುಗಿಸಿ ಕಿಟಕಿಯ ಆಚೆ ನೋಡುತ್ತಾ ಕೂತಿರುತ್ತಾನೆ. ಇವರೆಲ್ಲರಿಗೂ ಒಂದೇ ಪುಸ್ತಕ, ಒಂದೇ ಪೀರಿಯಡ್, ಒಂದೇ ಬಗೆಯ ಪ್ರಶ್ನೆಪತ್ರಿಕೆ.

ಹೀಗಿದ್ದಾಗ ಟೀಚರ್ ಸಾಮಾನ್ಯವಾಗಿ ಏನು ಮಾಡುತ್ತಾರೆ? ತೀರಾ ಚುರುಕೂ ಅಲ್ಲದ, ತೀರಾ ನಿಧಾನವೂ ಅಲ್ಲದ ಒಂದು 'ಮಧ್ಯದ ಮಗು'ವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಪಾಠ ಮಾಡುತ್ತಾರೆ. ಹಿಂದೆ ಬಿದ್ದವರಿಗೆ ಆಮೇಲೆ ಬೇರೆ ಕ್ಲಾಸು. ನಮ್ಮ ತರಬೇತಿ ಕಲಿಸಿದ್ದೂ ಬಹುಮಟ್ಟಿಗೆ ಇದನ್ನೇ. ಆದರೆ ಆ ಮಧ್ಯದ ಮಗು ತರಗತಿಯಲ್ಲಿ ಎಲ್ಲಿ ಕೂತಿದೆ ಎಂದು ಹುಡುಕಿದರೆ ಸಿಗುವುದಿಲ್ಲ.

ಇದಕ್ಕೆ ಒಂದು ಹಳೆಯ ಪುರಾವೆ ಶಾಲೆಯ ಹೊರಗಿನಿಂದ ಬಂದಿದೆ. 1950ರಲ್ಲಿ ಅಮೆರಿಕದ ವಾಯುಪಡೆ ತನ್ನ ಪೈಲಟ್‌ಗಳ ಮೈ ಅಳತೆ ತೆಗೆಸಿತು. ಕಾಕ್‌ಪಿಟ್ ಅನ್ನು ಸರಾಸರಿ ಪೈಲಟ್‌ಗೆ ಸರಿಯಾಗಿ ಹೊಂದಿಸುವುದು ಉದ್ದೇಶ. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಯುವ ಸಂಶೋಧಕರು ಎತ್ತರ, ಎದೆ, ತೋಳಿನ ಉದ್ದ ಹೀಗೆ ಹತ್ತು ಅಳತೆ ಆರಿಸಿಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿ ಇರುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದರು. 4,063 ಪೈಲಟ್‌ಗಳಲ್ಲಿ ಒಬ್ಬರೂ ಇರಲಿಲ್ಲ. ಮುಂದೆ ವಾಯುಪಡೆ ಸೀಟು, ಪೆಡಲ್‌ಗಳನ್ನೇ ಬೇಕಾದ ಹಾಗೆ ಸರಿಸಿಕೊಳ್ಳುವಂತೆ ಮಾಡಿಸಿತು. ಮಕ್ಕಳಿಗೂ ಹೀಗೆ ಹಲವು ಅಳತೆಗಳಿವೆ. ಓದುವ ವೇಗ, ಪದಸಂಪತ್ತು, ನೆನಪು, ಗಮನ, ಆ ವಿಷಯದ ಬಗ್ಗೆ ಮೊದಲೇ ಗೊತ್ತಿರುವುದು, ತಪ್ಪಾದರೆ ಎಂಬ ಹೆದರಿಕೆ. ಒಂದರಲ್ಲಿ ಮುಂದಿರುವ ಮಗು ಇನ್ನೊಂದರಲ್ಲಿ ಹಿಂದೆ. 'ಜಾಣ', 'ದಡ್ಡ' ಎಂದು ಒಂದೇ ಗೆರೆಯ ಮೇಲೆ ಮಕ್ಕಳನ್ನು ನಿಲ್ಲಿಸಲು ಆಗುವುದೇ ಇಲ್ಲ.

ಮೊದಲೇ ಯೋಚಿಸಿ ಕಟ್ಟುವುದು

ಈ ತಿಳಿವಳಿಕೆಯ ಮೇಲೆ ನಿಂತ ಒಂದು ವಿಧಾನಕ್ಕೆ 'ಯೂನಿವರ್ಸಲ್ ಡಿಸೈನ್ ಫಾರ್ ಲರ್ನಿಂಗ್', ಚಿಕ್ಕದಾಗಿ ಯುಡಿಎಲ್ ಎಂದು ಹೆಸರು. ಕನ್ನಡದಲ್ಲಿ ಕಲಿಕೆಗಾಗಿ ಸಾರ್ವತ್ರಿಕ ವಿನ್ಯಾಸ ಎನ್ನಬಹುದು. ಮೂಲ ಇರುವುದು ಕಟ್ಟಡ ಕಟ್ಟುವ ವಿದ್ಯೆಯಲ್ಲಿ. ಅಮೆರಿಕದ ವಾಸ್ತುಶಿಲ್ಪಿ ರೊನಾಲ್ಡ್ ಮೇಸ್ ಚಿಕ್ಕಂದಿನಲ್ಲೇ ಪೋಲಿಯೋಗೆ ತುತ್ತಾಗಿ ಗಾಲಿಕುರ್ಚಿ ಬಳಸುತ್ತಿದ್ದವರು. ಕಟ್ಟಡ ಮುಗಿದ ಮೇಲೆ ಹಿಂಬಾಗಿಲಿಗೆ ಒಂದು ಇಳಿಜಾರು ಅಂಟಿಸುವುದು ಬೇಡ, ನಕ್ಷೆ ಬರೆಯುವಾಗಲೇ ಎಲ್ಲರೂ ಮುಂಬಾಗಿಲಿನಿಂದ ಬರುವ ಹಾಗೆ ಯೋಚಿಸಿ ಎಂಬುದು ಅವರ ವಾದ. ಆ ಇಳಿಜಾರು ಗಾಲಿಕುರ್ಚಿಯವರಿಗಷ್ಟೇ ಅಲ್ಲ, ಮಗುವಿನ ಗಾಡಿ ತಳ್ಳುವ ತಾಯಿಗೂ, ಮಂಡಿನೋವಿನ ಅಜ್ಜಿಗೂ, ಸಾಮಾನು ಎಳೆದು ತರುವವರಿಗೂ ಬೇಕು.

1984ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರುವಾದ ಕಾಸ್ಟ್ (CAST) ಎಂಬ ಸಂಸ್ಥೆ ಇದನ್ನು ಪಾಠಕ್ಕೆ ತಂದಿತು. ಆನ್ ಮೇಯರ್, ಡೇವಿಡ್ ರೋಸ್ ಮುಂತಾದವರು ಮೊದಲು ಮಾಡುತ್ತಿದ್ದದ್ದು ಅಂಗವೈಕಲ್ಯವಿರುವ ಮಕ್ಕಳಿಗೆ ಕಂಪ್ಯೂಟರ್ ಮೂಲಕ ನೆರವಾಗುವ ಕೆಲಸ. ಹೋಗುತ್ತಾ ಹೋಗುತ್ತಾ ಅವರಿಗೆ ಒಂದು ವಿಷಯ ಮನವರಿಕೆಯಾಯಿತು: ಸರಿಮಾಡಬೇಕಾದ್ದು ಮಗುವನ್ನಲ್ಲ, ಪಾಠವನ್ನು. ಅವರ ಮಾರ್ಗಸೂಚಿ 2008ರಲ್ಲಿ ಹೊರಬಂತು. ಪರಿಷ್ಕರಿಸಿದ 3.0 ಆವೃತ್ತಿ 2024ರದು. ಅದರ ತಿರುಳು ಮೂರು ಮಾತು. ಮಗುವನ್ನು ಪಾಠದೊಳಗೆ ಎಳೆಯಲು ಒಂದಕ್ಕಿಂತ ಹೆಚ್ಚು ದಾರಿ ಇರಲಿ. ವಿಷಯವನ್ನು ಮುಂದಿಡಲು ಒಂದಕ್ಕಿಂತ ಹೆಚ್ಚು ದಾರಿ ಇರಲಿ. ಕಲಿತದ್ದನ್ನು ತೋರಿಸಲು ಒಂದಕ್ಕಿಂತ ಹೆಚ್ಚು ದಾರಿ ಇರಲಿ.

ಹೆಸರು ವಿದೇಶದ್ದಾದರೂ ಯೋಚನೆ ಮುಂಬಯಿ ಕನ್ನಡಿಗರಿಗೆ ಹೊಸದೇನಲ್ಲ. ಹಗಲು ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗನಿಗೆ ಹಗಲಿನ ಶಾಲೆ ಆಗುವುದಿಲ್ಲ ಎಂದು ಕಂಡಾಗ, 'ಅವನಿಗೆ ಓದು ಬೇಡ' ಎಂದು ನಮ್ಮ ಹಿರಿಯರು ಕೈಬಿಡಲಿಲ್ಲ. ಶಾಲೆಯನ್ನೇ ರಾತ್ರಿಗೆ ತಂದರು. ಕೋಟೆ ಪ್ರದೇಶದ ಸುತ್ತಮುತ್ತ ಎದ್ದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ, ಪರೀಕ್ಷೆ ಪಾಸಾಗಿ ಬದುಕು ಕಟ್ಟಿಕೊಂಡವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಅಲ್ಲಿ ಹುಡುಗನ ಗುರಿಯನ್ನು ಯಾರೂ ಕೆಳಗಿಳಿಸಲಿಲ್ಲ. ಪರೀಕ್ಷೆ ಅದೇ, ಪುಸ್ತಕ ಅದೇ. ಬದಲಾದದ್ದು ಅಡ್ಡ ನಿಂತಿದ್ದ ಸಮಯ ಮಾತ್ರ. ಇವತ್ತಿನ ತರಗತಿಯಲ್ಲೂ ಕೇಳಬೇಕಾದ್ದು ಅದನ್ನೇ: ಇಲ್ಲಿ ಮಗುವಿಗೆ ಅಡ್ಡ ನಿಂತಿರುವುದು ಯಾವುದು?

ಗುರಿ ಯಾವುದು, ದಾರಿ ಯಾವುದು

ನನ್ನ ಪ್ರಕಾರ ಈ ಇಡೀ ವಿಧಾನದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗುರಿ ಮತ್ತು ದಾರಿಯನ್ನು ಬೇರೆ ಬೇರೆ ಮಾಡಿ ನೋಡುವುದು. ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬರುತ್ತದೆ.

ಐದನೇ ತರಗತಿಯ ಗಣಿತದ ಟೆಸ್ಟ್‌ನಲ್ಲಿ ಭಿನ್ನರಾಶಿಯ ಲೆಕ್ಕ ನಾಲ್ಕು ಸಾಲಿನ ಕಥೆಯಾಗಿ ಬರುತ್ತದೆ ಎಂದುಕೊಳ್ಳಿ. ಮಗು ಸೊನ್ನೆ ತಂದಿದೆ. ಅದಕ್ಕೆ ಭಿನ್ನರಾಶಿ ಬರುವುದಿಲ್ಲವೋ, ನಾಲ್ಕು ಸಾಲು ಓದಲು ಬರುವುದಿಲ್ಲವೋ? ಉತ್ತರಪತ್ರಿಕೆ ನೋಡಿದರೆ ಗೊತ್ತಾಗುವುದಿಲ್ಲ. ಅದೇ ಲೆಕ್ಕವನ್ನು ಟೀಚರ್ ಒಮ್ಮೆ ಜೋರಾಗಿ ಓದಿ ಹೇಳಿದರೆ ಆಗ ಗೊತ್ತಾಗುತ್ತದೆ. ಗುರಿ ಭಿನ್ನರಾಶಿ ಆಗಿದ್ದರೆ ಓದಿ ಹೇಳುವುದು ಮೋಸ ಅಲ್ಲವೇ ಅಲ್ಲ. ಅದು ಅಳತೆಯನ್ನು ಸರಿಮಾಡುವ ಕೆಲಸ. ಗುರಿ ಓದುವುದೇ ಆಗಿದ್ದರೆ ಮಾತ್ರ ಓದಿ ಹೇಳಬಾರದು.

ಕನ್ನಡದಲ್ಲಿ ಓದು ಕೈಗೆ ಬರಲು ಎಷ್ಟು ಕಾಲ ಬೇಕು ಎಂಬುದನ್ನೂ ನಾವು ಕಡಿಮೆ ಅಂದಾಜು ಮಾಡುತ್ತೇವೆ. ಅ ಆ ಇ ಈ ಕಲಿತರೆ ಆಗಲಿಲ್ಲ. ಕಾಗುಣಿತ ಬೇಕು, ಒತ್ತಕ್ಷರ ಬೇಕು. 'ಗುರುತ್ವಾಕರ್ಷಣೆ' ಎಂಬ ಒಂದೇ ಪದದಲ್ಲಿ ಮಗು ವಕಾರದ ಒತ್ತು, ದೀರ್ಘ, ಅರ್ಕಾವೊತ್ತು ಮೂರನ್ನೂ ಬಿಡಿಸಿಕೊಳ್ಳಬೇಕು. ಅರ್ಕಾವೊತ್ತನ್ನು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಮೊದಲು. ಕನ್ನಡ ಓದಿನ ಮೇಲೆ ಕೆಲಸ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳಿಗೆ ನಮ್ಮ ಅಕ್ಷರಗಳ ಪೂರ್ತಿ ಹಿಡಿತ ಬರುವುದು ಒಂದೆರಡು ವರ್ಷದಲ್ಲಿ ಮುಗಿಯುವ ಕೆಲಸವಲ್ಲ, ಅದು ನಾಲ್ಕನೇ ತರಗತಿಯ ತನಕವೂ ಸಾಗುತ್ತದೆ ಎಂದು ತೋರಿಸಿದರು. ಇದು ಕನ್ನಡ ಪರಿಸರದ ಮಕ್ಕಳ ಮಾತು. ಮುಂಬಯಿಯಲ್ಲಿ ಬೀದಿಯ ಫಲಕ ಮರಾಠಿಯಲ್ಲಿ, ಅಂಗಡಿಯ ಹೆಸರು ಮರಾಠಿ, ಇಂಗ್ಲಿಷಿನಲ್ಲಿ. ಮಗುವಿಗೆ ಕನ್ನಡ ಅಕ್ಷರ ಕಾಣುವುದು ಶಾಲೆಯೊಳಗೆ ಮಾತ್ರ. ಹಾಗಾಗಿ ಇಲ್ಲಿ ಸಮಾಜ, ವಿಜ್ಞಾನದ ಪಾಠಗಳು ಗೊತ್ತಿಲ್ಲದ ಹಾಗೆ ಕನ್ನಡ ಓದಿನ ಪರೀಕ್ಷೆಗಳಾಗಿ ಬಿಡುತ್ತವೆ. ಬುದ್ಧಿವಂತ ಮಗುವೊಂದು ಗಣಿತ, ಸಮಾಜ, ವಿಜ್ಞಾನ ಮೂರರಲ್ಲೂ ಹಿಂದೆ ಬಿದ್ದಿದ್ದರೆ, ಮೊದಲು ಅನುಮಾನ ಪಡಬೇಕಾದ್ದು ಇದನ್ನು.

ಒಂದು ಪಾಠ, ಮೊದಲಿನಿಂದ ಕೊನೆಯವರೆಗೆ

ಮಾತು ಸಾಕು, ಒಂದು ಪಾಠವನ್ನೇ ಕಟ್ಟಿ ನೋಡೋಣ. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತದೆ. ಏಳನೇ ತರಗತಿಯ ಭೂಗೋಳದಲ್ಲಿ ಸಮುದ್ರದ ಉಬ್ಬರ-ಇಳಿತದ ಪಾಠ ಬರುತ್ತದೆ. ಮುಂಬಯಿ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ. ಆದರೂ ಬಹಳ ಕಡೆ ಇದು ವ್ಯಾಖ್ಯೆ ಬಾಯಿಪಾಠದಲ್ಲಿ ಮುಗಿಯುತ್ತದೆ.

ಮೊದಲು ಗುರಿ. ಎರಡೇ ಸಾಕು. ದಿನಕ್ಕೆ ಎರಡು ಸಲ ನೀರು ಏರುವುದು ಏಕೆ ಎಂದು ಮಗು ವಿವರಿಸಬೇಕು. ಅಮಾವಾಸ್ಯೆ, ಹುಣ್ಣಿಮೆಗೆ ಉಬ್ಬರ ಏಕೆ ಜಾಸ್ತಿ ಎಂದು ವಿವರಿಸಬೇಕು. ಗುರಿಯಲ್ಲಿ 'ವಿವರಿಸಬೇಕು' ಎಂದಿದೆ, 'ಬರೆಯಬೇಕು' ಎಂದಿಲ್ಲ. ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಆಮೇಲೆ, ಪಾಠಕ್ಕೆ ಮುಂಚೆಯೇ, ಯಾರಿಗೆ ಎಲ್ಲಿ ತೊಡಕಾಗಬಹುದು ಎಂದು ಯೋಚಿಸುವುದು. ಪದಗಳು ಕಷ್ಟ. ಪುಸ್ತಕದ ಚಿತ್ರವನ್ನು ಮೇಲಿನಿಂದ ನೋಡಿದ ಹಾಗೆ ಬರೆದಿರುತ್ತದೆ, ಅದು ಮಕ್ಕಳಿಗೆ ಸುಲಭವಾಗಿ ಹೊಳೆಯುವುದಿಲ್ಲ. ಚಂದ್ರ ಎದುರಿಗಿರುವ ಕಡೆ ನೀರು ಉಬ್ಬುವುದು ಎಲ್ಲರಿಗೂ ಅರ್ಥವಾಗುತ್ತದೆ. ಹಿಂಬದಿಯಲ್ಲೂ ಏಕೆ ಉಬ್ಬಬೇಕು ಎಂಬುದೇ ಇಲ್ಲಿನ ಗಂಟು. ಹೆಚ್ಚು ಸಮಯ ಅಲ್ಲಿಗೆ ಮೀಸಲಿಡಬೇಕು.

ಪಾಠದ ಆರಂಭ ಮಕ್ಕಳಿಗೆ ಗೊತ್ತಿರುವ ಕಡೆಯಿಂದ ಆಗಲಿ. ಹಾಜಿ ಅಲಿ ದರ್ಗಾಕ್ಕೆ ಹೋಗುವ ಕಾಲುದಾರಿ ಉಬ್ಬರದಲ್ಲಿ ಮುಳುಗುವುದನ್ನು ನೋಡಿದವರು ಯಾರು? ಮಳೆಗಾಲದಲ್ಲಿ ಸಮುದ್ರ 4.5 ಮೀಟರಿಗಿಂತ ಮೇಲೇರುವ ದಿನಗಳ ಪಟ್ಟಿಯನ್ನು ಮುಂಬಯಿ ಮಹಾನಗರ ಪಾಲಿಕೆ ಮೊದಲೇ ಹೊರಡಿಸುವುದು ಏಕೆ? ಜೋರು ಮಳೆ ಮತ್ತು ಉಬ್ಬರ ಒಟ್ಟಿಗೆ ಬಂದರೆ ಚರಂಡಿಯ ನೀರು ಸಮುದ್ರಕ್ಕೆ ಇಳಿಯುವುದಿಲ್ಲ. 2005ರ ಜುಲೈ 26ರಂದು ಆದದ್ದು ಅದೇ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ, ಜೊತೆಗೆ ಉಬ್ಬರ. ಕುರ್ಲಾ, ಸಾಯನ್ ಕಡೆಯ ಮಕ್ಕಳಿಗೆ ಮನೆಯೊಳಗೆ ನೀರು ನುಗ್ಗಿದ ಕಥೆಯನ್ನು ಅಪ್ಪ ಅಮ್ಮನೇ ಹೇಳಿರುತ್ತಾರೆ. ತರಗತಿಯಲ್ಲಿ ಎಂದೂ ಬಾಯಿ ಬಿಡದ ಮಗು ಇಲ್ಲಿ ಮಾತಾಡಲು ಶುರು ಮಾಡಬಹುದು. ಅದನ್ನು ಪಾಠದ ಹೊರಗಿನ ಹರಟೆ ಎಂದುಕೊಳ್ಳಬೇಡಿ, ಪಾಠ ಶುರುವಾಗುವುದೇ ಅಲ್ಲಿ.

ಇನ್ನು ವಿಷಯ ಮುಂದಿಡುವುದು. ನಮ್ಮ ಲೋಕಲ್ ಟ್ರೇನ್‌ನ ಪ್ಲಾಟ್‌ಫಾರ್ಮ್ ನೆನಪಿಸಿಕೊಳ್ಳಿ. ಮುಂದಿನ ಗಾಡಿ ಯಾವುದು ಎಂಬುದು ಇಂಡಿಕೇಟರ್‌ನಲ್ಲಿ ಕಾಣುತ್ತದೆ, ಮೈಕಿನಲ್ಲಿ ಕೇಳುತ್ತದೆ, ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಬರುತ್ತದೆ. ಗಾಡಿ ಒಂದೇ. ಓದಲಾಗದವನೂ ಹತ್ತುತ್ತಾನೆ, ಕಿವಿ ಕೇಳದವಳೂ ಹತ್ತುತ್ತಾಳೆ, ಗದ್ದಲದಲ್ಲಿ ಎರಡೂ ಚೆನ್ನಾಗಿ ಬರುವವರಿಗೂ ಎರಡೂ ಬೇಕಾಗುತ್ತವೆ. ಉಬ್ಬರದ ಪಾಠವನ್ನೂ ಹಾಗೆ ಮಾಡಬಹುದು. ಒಬ್ಬ ಹುಡುಗಿಯನ್ನು ಭೂಮಿಯಾಗಿ ನಿಲ್ಲಿಸಿ, ಅವಳ ಸುತ್ತ ಹಗ್ಗದ ದೊಡ್ಡ ಕುಣಿಕೆ ಹಿಡಿದು ನಾಲ್ಕು ಮಕ್ಕಳು ನಿಲ್ಲಲಿ, ಹಗ್ಗವೇ ಸಮುದ್ರ. ಚಂದ್ರನಾದವನು ಒಂದು ಕಡೆ ನಿಲ್ಲಲಿ. ಚಂದ್ರನ ಸೆಳೆತ ಹತ್ತಿರದ ನೀರಿಗೆ ಜಾಸ್ತಿ, ಭೂಮಿಗೆ ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರಿಗೆ ಇನ್ನೂ ಕಡಿಮೆ. ಮೂರೂ ಒಂದೇ ಹೆಜ್ಜೆ ಇಡುವುದಿಲ್ಲ: ಹತ್ತಿರದ ಹಗ್ಗ ಚಂದ್ರನ ಕಡೆ ಮೂರು ಹೆಜ್ಜೆ, ಭೂಮಿ ಎರಡು ಹೆಜ್ಜೆ, ಹಿಂದಿನ ಹಗ್ಗ ಒಂದು ಹೆಜ್ಜೆ ಇಡಲಿ. ಈಗ ನೋಡಿ, ಹಗ್ಗ ಎರಡೂ ಕಡೆ ಉದ್ದವಾಗಿದೆ. ಹಿಂಬದಿಯ ಉಬ್ಬು ಎಲ್ಲಿಂದ ಬಂತು ಎಂಬುದನ್ನು ಮಕ್ಕಳು ತಮ್ಮ ಕಾಲಲ್ಲೇ ನಡೆದು ಕಂಡುಕೊಂಡರು. ಭೂಮಿ ತಿರುಗುವಾಗ ನಮ್ಮ ಊರು ಈ ಎರಡೂ ಉಬ್ಬುಗಳನ್ನು ದಾಟುತ್ತದೆ, ಅದಕ್ಕೇ ದಿನಕ್ಕೆ ಎರಡು ಸಲ ಉಬ್ಬರ. ಆಮೇಲೆ ಅದೇ ಚಿತ್ರವನ್ನು ಬೋರ್ಡ್ ಮೇಲೆ ಬರೆದು, ಪುಸ್ತಕದ ಪ್ಯಾರಾವನ್ನು ಬೆರಳಿಟ್ಟು ಜೋರಾಗಿ ಓದಿ. ಕಷ್ಟದ ಐದಾರು ಪದಗಳನ್ನು ಒಂದು ಮೂಲೆಯಲ್ಲಿ ಚಿತ್ರದೊಡನೆ ಬರೆದಿಡಿ. ಅದರ ಪಕ್ಕ ಬೀದಿಯಲ್ಲಿ ಕೇಳುವ ಮರಾಠಿಯ ಭರತಿ (ಉಬ್ಬರ), ಓಹೋಟಿ (ಇಳಿತ) ಪದಗಳೂ ಇರಲಿ.

ಇನ್ನೊಂದು ದಾರಿ ಅಂಕಿಗಳದು. ಒಂದು ವಾರದ ಉಬ್ಬರದ ಸಮಯಗಳ ಪಟ್ಟಿ ಕೊಟ್ಟು, ಏನಾದರೂ ಕ್ರಮ ಕಾಣುತ್ತದೆಯೇ ಎಂದು ಕೇಳಿ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುವುದನ್ನು ಯಾರಾದರೂ ಹಿಡಿದೇ ಹಿಡಿಯುತ್ತಾರೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನೆ, ಅವನನ್ನು ಹಿಡಿಯಲು ಭೂಮಿಗೆ ಆ ಹೆಚ್ಚಿನ ಹೊತ್ತು ಬೇಕು ಎಂಬುದನ್ನು ಆಗ ಹೇಳಿದರೆ ಅದು ಅವರದೇ ಪ್ರಶ್ನೆಗೆ ಉತ್ತರವಾಗುತ್ತದೆ.

ನಡುವೆ ಎರಡು ನಿಮಿಷ ಜೋಡಿಯಲ್ಲಿ ಮಾತಾಡಲು ಬಿಡಿ. ಯಾವ ಭಾಷೆಯಲ್ಲಾದರೂ ಸರಿ. ತುಳುವಿನಲ್ಲಿ, ಹಿಂದಿಯಲ್ಲಿ, ಊರಿನ ಕನ್ನಡದಲ್ಲಿ ವಿಷಯ ಒಮ್ಮೆ ಬಿಡಿಸಿಕೊಂಡ ಮಗುವಿಗೆ ಪುಸ್ತಕದ ಕನ್ನಡದಲ್ಲಿ ಹೇಳುವುದು ಹಗುರವಾಗುತ್ತದೆ. ಕನ್ನಡ ಶಾಲೆಯಲ್ಲಿ ಬೇರೆ ಭಾಷೆಗೆ ಜಾಗ ಕೊಟ್ಟರೆ ಕನ್ನಡ ಸೊರಗುತ್ತದೆ ಎಂಬ ಆತಂಕ ಕೆಲವರಿಗಿದೆ. ನನಗೆ ಹಾಗೆ ಅನಿಸುವುದಿಲ್ಲ. ಅರ್ಥವಾಗದ ಕನ್ನಡಕ್ಕಿಂತ, ಅರ್ಥವಾದ ಮೇಲೆ ಬರುವ ಕನ್ನಡ ಮಗುವಿನ ಜೊತೆ ಹೆಚ್ಚು ಕಾಲ ಉಳಿಯುತ್ತದೆ.

ಕೊನೆಗೆ ಕಲಿತದ್ದನ್ನು ತೋರಿಸುವುದು. ಹೆಸರು ಬರೆದ ಚಿತ್ರ, ಒಂದು ಪ್ಯಾರಾ, ಅಥವಾ ಟೀಚರ್ ಮುಂದೆ ಬಾಯಲ್ಲಿ ವಿವರಣೆ, ಯಾವುದಾದರೂ ಒಂದು. ಆದರೆ ಮೂರರಲ್ಲೂ ಎರಡು ಸಂಗತಿ ಬರಲೇಬೇಕು: ಎರಡು ಉಬ್ಬು ಏಕೆ, ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಸೂರ್ಯ-ಚಂದ್ರ-ಭೂಮಿ ಒಂದೇ ಸಾಲಿಗೆ ಬಂದಾಗ ಏನಾಗುತ್ತದೆ. ಎಲ್ಲರಿಗೂ ಒಂದು ಕೊನೆಯ ಪ್ರಶ್ನೆ: ಹಾಜಿ ಅಲಿಯ ಬಳಿ ಇವತ್ತು ಮಧ್ಯಾಹ್ನ 1 ಗಂಟೆಗೆ ಉಬ್ಬರ ಇದ್ದರೆ, ನಾಳೆ ಮಧ್ಯಾಹ್ನ ಸುಮಾರು ಎಷ್ಟಕ್ಕೆ? 1.50 ಎಂದವರಿಗೆ ಕ್ರಮ ಸಿಕ್ಕಿದೆ. 1 ಎಂದೇ ಬರೆದವರ ಜೊತೆ ನಾಳೆ ಐದು ನಿಮಿಷ ಕೂರಬೇಕು. ಬೇಗ ಮುಗಿಸಿದವನಿಗೆ ಅದೇ ಬಗೆಯ ಇನ್ನೂ ಹತ್ತು ಪ್ರಶ್ನೆ ಕೊಡಬೇಡಿ. ಮುಂಬಯಿಯಲ್ಲಿ ನೀರು ಇಷ್ಟು ಏರುತ್ತದೆ, ಮಂಗಳೂರಿನಲ್ಲಿ ಏರಿಳಿತ ಅದಕ್ಕಿಂತ ಬಹಳ ಕಡಿಮೆ, ಗುಜರಾತಿನ ಖಂಭಾತ್‌ನಲ್ಲಿ ಬಹಳ ಜಾಸ್ತಿ, ಏಕೆ? ಮಲ್ಪೆಯಲ್ಲಿರುವ ಅಜ್ಜನಿಗೆ ಫೋನ್ ಮಾಡಿ ಅಲ್ಲಿನ ವಿಷಯ ಕೇಳಿಕೊಂಡು ಬಾ ಎನ್ನಿ. ನಕಾಶೆಯಲ್ಲಿ ಖಂಭಾತ್ ಕೊಲ್ಲಿಯ ಆಕಾರ ನೋಡು ಎನ್ನಿ.

ಕನ್ನಡ ಭಾಷೆಯ ಪೀರಿಯಡ್‌ನಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಪ್ಯಾರಾ ಬರೆಯುವುದೇ ಗುರಿ, ಹಾಗಾಗಿ ಬಾಯಲ್ಲಿ ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಬರೆಯಲು ತೊಡಕಿರುವ ಮಗುವಿಗೆ ಅಲ್ಲಿ ಮೊದಲ ವಾಕ್ಯ ಕೊಡಬಹುದು, ಪದಗಳ ಪಟ್ಟಿ ಕೊಡಬಹುದು, ಸಮಯ ಜಾಸ್ತಿ ಕೊಡಬಹುದು. ಬರೆಯುವುದನ್ನೇ ಬಿಟ್ಟುಬಿಡು ಎನ್ನಬಾರದು.

ದಾರಿ ತಪ್ಪುವ ಕಡೆಗಳು

ಈ ವಿಚಾರ ಮಾತಾಡುವಾಗ ಒಂದು ತಪ್ಪು ತಿಳಿವಳಿಕೆ ಯಾವಾಗಲೂ ಜೊತೆಗೆ ಬರುತ್ತದೆ. ಕೆಲವರು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ, ಕೆಲವರು ಕೈಯಿಂದ. ಆಯಾ ಮಗುವಿಗೆ ಆಯಾ ದಾರಿಯಲ್ಲೇ ಕಲಿಸಬೇಕು ಎನ್ನುವುದು. ಶಿಕ್ಷಕರ ತರಬೇತಿಗಳಲ್ಲೂ ಇದನ್ನು ಹೇಳುತ್ತಾರೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು ಆವರೆಗಿನ ಸಂಶೋಧನೆಗಳನ್ನು ಸೋಸಿ ನೋಡಿದಾಗ ಇದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ಮಗುವಿಗೆ 'ನೀನು ಕಣ್ಣಿನವನು' ಎಂದು ಚೀಟಿ ಅಂಟಿಸುವುದು ಬೇಡವೇ ಬೇಡ. ಹಗ್ಗದ ಆಟ, ಚಿತ್ರ, ಪಟ್ಟಿ, ಪ್ಯಾರಾ ನಾಲ್ಕೂ ಎಲ್ಲ ಮಕ್ಕಳಿಗೂ ಸೇರಿದ್ದು. ಒಂದೊಂದೂ ವಿಷಯದ ಒಂದೊಂದು ಮುಖ ತೋರಿಸುತ್ತದೆ.

ಆಯ್ಕೆಯ ವಿಷಯದಲ್ಲೂ ಹಿಡಿತ ಬೇಕು. ಹತ್ತು ಆಯ್ಕೆ ಕೊಟ್ಟರೆ ಮಕ್ಕಳು ಆರಿಸುವುದರಲ್ಲೇ ಹೊತ್ತು ಕಳೆಯುತ್ತಾರೆ, ಅಲ್ವಾ? ಎರಡು ಮೂರು ಸಾಕು. ಹಾಗೆಯೇ ಹೊಸ ವಿಷಯವನ್ನು ಸುಮ್ನೆ 'ನೀವೇ ಕಂಡುಹಿಡಿಯಿರಿ' ಎಂದು ಬಿಡುವುದು ಸರಿಯಲ್ಲ. ಏನೂ ಗೊತ್ತಿಲ್ಲದ ಮಗುವಿಗೆ ಮೊದಲು ಟೀಚರ್ ಬಿಡಿಸಿ ಹೇಳುವುದು, ಮಾಡಿ ತೋರಿಸುವುದು ಬೇಕೇ ಬೇಕು. ಯುಡಿಎಲ್ ಎಂಬ ಚೌಕಟ್ಟನ್ನು ಇಡಿಯಾಗಿ ಅಳೆದ ಸಂಶೋಧನೆಗಳ ಫಲಿತಾಂಶ ಇನ್ನೂ ಒಂದೇ ಸಮ ಇಲ್ಲ ಎಂಬುದನ್ನೂ ಹೇಳಬೇಕು. ಅದರೊಳಗಿನ ಹಲವು ಅಂಶಗಳಿಗೆ ಮಾತ್ರ ಗಟ್ಟಿ ಆಧಾರವಿದೆ: ಚಿತ್ರ ಮತ್ತು ಮಾತು ಜೊತೆಗಿಡುವುದು, ಗೊತ್ತಿರುವುದರಿಂದ ಶುರು ಮಾಡುವುದು, ನಡುನಡುವೆ ನೆನಪಿಸಿಕೊಳ್ಳಲು ಪ್ರಶ್ನೆ ಕೇಳುವುದು.

ಪರೀಕ್ಷೆಯ ಪ್ರಶ್ನೆ ಉಳಿಯುತ್ತದೆ. ಬೋರ್ಡ್ ಪರೀಕ್ಷೆ ಬರೆಯಲೇಬೇಕು, ಅಲ್ಲಿ ಬಾಯಲ್ಲಿ ಹೇಳಲು ಬಿಡುವುದಿಲ್ಲವಲ್ಲ ಎಂದು ಪೋಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಾಯಲ್ಲಿ ವಿವರಿಸಿದ ಮಗುವಿಗೆ ಬರೆಯಲು ವಿಷಯ ಇರುತ್ತದೆ. ಬರೆಯುವ ಅಭ್ಯಾಸವನ್ನು ಆ ಮೇಲೆ ಕಟ್ಟಬಹುದು. ವಿಷಯವೇ ಇಲ್ಲದಿದ್ದರೆ ಅಭ್ಯಾಸ ಕಾಪಿ ಹೊಡೆಯುವುದಾಗುತ್ತದೆ. ಇನ್ನು ನಿಜವಾದ ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಕಾನೂನಿನ ಬಲವಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹಿಂದೆ ಏಳು ಇದ್ದ ಅಂಗವೈಕಲ್ಯದ ವರ್ಗಗಳನ್ನು 21ಕ್ಕೆ ಏರಿಸಿತು. ಅದರಲ್ಲಿ ಓದಲು ತೊಡಕಾಗುವ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಗಳೂ ಸೇರಿವೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವುಗಳ ಮಾತು ಆ ಕಾಯ್ದೆಯಲ್ಲೇ ಇದೆ. ಮೂರು ಲಿಪಿಗಳ ನಡುವೆ ಒದ್ದಾಡುವ ಮಗುವಿಗೆ ಇದು ದೊಡ್ಡ ಆಸರೆ. ಆದರೆ ಈ ಸೌಲಭ್ಯಗಳಿಗೆ ಸರ್ಟಿಫಿಕೇಟ್ ಬೇಕು. ಅದಕ್ಕೆ ಆಸ್ಪತ್ರೆ, ತಪಾಸಣೆ, ಓಡಾಟ. ದಿನಗೂಲಿಯ ಅಪ್ಪ ಅಮ್ಮನಿಗೆ ಒಂದೊಂದು ದಿನದ ರಜೆಯೂ ಭಾರ. ಲೆಕ್ಕವನ್ನು ಓದಿ ಹೇಳಲು, ಪದಗಳ ಪಟ್ಟಿ ಕೊಡಲು ಟೀಚರ್‌ಗೆ ಯಾವ ಸರ್ಟಿಫಿಕೇಟೂ ಬೇಕಿಲ್ಲ.

ಕೊನೆಯದಾಗಿ ಸಮಯ. ನಲವತ್ತು ಮಕ್ಕಳು, ಮುಗಿಸಬೇಕಾದ ಸಿಲಬಸ್, ಮೇಲೆ ಸಮೀಕ್ಷೆ, ಚುನಾವಣೆ ಕೆಲಸ. ಪ್ರತಿ ಪಾಠವನ್ನೂ ಹೀಗೆ ಕಟ್ಟಲು ಯಾರಿಂದಲೂ ಆಗದು, ಆಗಬೇಕಾಗಿಯೂ ಇಲ್ಲ. ಕಳೆದ ಟೆಸ್ಟ್‌ನ ಉತ್ತರಪತ್ರಿಕೆಗಳನ್ನು ತೆಗೆಯಿರಿ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ತಪ್ಪು ಮಾಡಿದ ಒಂದು ಪ್ರಶ್ನೆ ಹುಡುಕಿ. ಹಾಗೆ ತಪ್ಪಿದ ಮೂರು ಮಕ್ಕಳನ್ನು ಕರೆದು ಆ ಪ್ರಶ್ನೆಯನ್ನು ಅವರಿಗೆ ಓದಿ ಹೇಳಿ, ಬಾಯಲ್ಲಿ ಉತ್ತರ ಕೇಳಿ. ಸರಿಯಾಗಿ ಹೇಳಿದರೆ ತೊಡಕು ಓದು-ಬರಹದಲ್ಲಿದೆ. ಆಗಲೂ ಹೇಳದಿದ್ದರೆ ವಿಷಯವನ್ನೇ ಬೇರೆ ದಾರಿಯಲ್ಲಿ ಮತ್ತೆ ಮುಂದಿಡಬೇಕು. ಮುಂದಿನ ವಾರ ಹೊಸದಾಗಿ ಕಟ್ಟಬೇಕಾದ ಒಂದು ಪಾಠ ಯಾವುದು, ಅದರಲ್ಲಿ ಬದಲಾಗಬೇಕಾದ್ದು ಏನು ಎಂಬುದು ಈ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಹಾಗೆ ಕಟ್ಟಿದ ಪಾಠವನ್ನು ಪಕ್ಕದ ಶಾಲೆಯ ಕನ್ನಡ ಟೀಚರ್‌ಗೂ ವಾಟ್ಸಾಪ್‌ನಲ್ಲಿ ಕಳಿಸಿ. ಅವರು ಇನ್ನೊಂದನ್ನು ಕಟ್ಟಿ ನಿಮಗೆ ಕಳಿಸಲಿ.